ಕುಂಚ, ಮಷಿ ಮತ್ತು ಅಹಿಂಸಾಣುವ್ರತ

ಕರ್ಮಭೂಮಿಯ ಆರಂಭದಲ್ಲಿ ಆದಿತೀರ್ಥಂಕರ ವೃಷಭನಾಥರು ಪ್ರಜೆಗಳ ಜೀವನೋಪಾಯಕ್ಕಾಗಿ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿಯ ನಂತರ ಬರುವುದು ಮಷಿ. ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳು ಅದರ ಮುಂದಿನವು. ಭಗವಂತರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಕಲಿಸಿದಂತೆಯೇ ಪುತ್ರನಾದ ಅನಂತವಿಜಯನಿಗೆ ಚಿತ್ರಕಲೆಯನ್ನು ಉಪದೇಶಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಮೂಡಬಿದಿರೆಯಲ್ಲಿ ರಕ್ಷಿತವಾಗಿ ಬಂದ 12ನೆಯ ಶತಮಾನದ ಧವಲಾ ತಾಳೆಗರಿಗಳಲ್ಲಿ ಚಿತ್ರಗಳಿವೆ. ತಮಿಳುನಾಡಿನ ಸಿತ್ತನ್ನವಾಸಲ್ ಗುಹೆಯಲ್ಲಿ ಕಮಲಸರೋವರದ ವರ್ಣಚಿತ್ರವಿದೆ. ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ಷಡ್‌ಲೇಶ್ಯೆಗಳ ವೃಕ್ಷವನ್ನು ಬರೆದಿದ್ದಾರೆ. ಆದುದರಿಂದ ಚಿತ್ರ ಬರೆಯುವುದು ಶ್ರಾವಕನಿಗೆ ಉಚಿತವೆ ಎಂಬ ಪ್ರಶ್ನೆ ಏಳುವುದಿಲ್ಲ. ಯಾವುದರಿಂದ ಬರೆಯುತ್ತಾನೆ, ಆ ಸಾಧನ ಎಲ್ಲಿಂದ ಬಂದಿತು ಎಂಬುದು ಮಾತ್ರ ವಿಚಾರಾರ್ಹವಾದ ಪ್ರಶ್ನೆ.

ಈಚಿನ ವರ್ಷಗಳಲ್ಲಿ ದಿನಕ್ಕೊಂದು ಚಿತ್ರ ಬರೆಯುವ ಅಭ್ಯಾಸ ಅನೇಕ ಮನೆಗಳನ್ನು ಪ್ರವೇಶಿಸಿದೆ. ನಿವೃತ್ತರಾದ ಹಿರಿಯರು, ಗೃಹಿಣಿಯರು, ಶಾಲಾ ಕಾಲೇಜುಗಳ ಮಕ್ಕಳು ಅಂಗೈಯಗಲದ ಸ್ಕೆಚ್ ಪುಸ್ತಕ, ಒಂದು ನಿಬ್ ಪೆನ್ನು, ಹನ್ನೆರಡು ಬಿಲ್ಲೆಗಳ ಜಲವರ್ಣದ ಪೆಟ್ಟಿಗೆ ಇಟ್ಟುಕೊಂಡು ಅರ್ಧ ಗಂಟೆ ಕುಳಿತುಕೊಳ್ಳುತ್ತಾರೆ. ಅಂಗಳದ ದಾಸವಾಳ, ಬಸದಿಯ ಮಾನಸ್ತಂಭ, ಅಡಿಗೆಮನೆಯ ತಾಮ್ರದ ಚೆಂಬು ಅವರ ವಸ್ತುಗಳು. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಎಲೆಯೊಂದು ಏಕೇಂದ್ರಿಯ ಜೀವವೆಂದು ಬಾಲ್ಯದಿಂದ ಪಠಿಸಿದವರಲ್ಲಿ ಅದರ ನರಗಳು ಹೇಗೆ ಕವಲೊಡೆಯುತ್ತವೆಂದು ಒಮ್ಮೆಯಾದರೂ ನಿಂತು ನೋಡಿದವರು ವಿರಳ. ಇರುವೆಯ ಸಾಲನ್ನು ಬರೆಯಲು ಕುಳಿತ ಬಾಲಕ ಮರುದಿನ ಆ ಸಾಲಿನ ಮೇಲೆ ಕಾಲಿಡಲು ಹಿಂಜರಿಯುತ್ತಾನೆ. ಕಣ್ಣಿಟ್ಟು ನೋಡುವ ಅಭ್ಯಾಸ ಈರ್ಯಾಸಮಿತಿಗೆ ಸಹಕಾರಿಯೇ ಆಗಿದೆ.

ಆದರೆ ಅಭ್ಯಾಸ ಬಲಿತಂತೆ ಉತ್ತಮ ಸಾಧನಗಳ ಆಸೆಯೂ ಬಲಿಯುತ್ತದೆ. ಅಲ್ಲಿಂದ ಧರ್ಮವಿಚಾರ ಆರಂಭವಾಗುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಜಲವರ್ಣದ ಕುಂಚಗಳಲ್ಲಿ ಶ್ರೇಷ್ಠವೆಂದು ಹೆಸರಾದುದು ಕೊಲಿನ್‌ಸ್ಕಿ ಸೇಬಲ್. ಸೈಬೀರಿಯದ ವೀಸೆಲ್ ಎಂಬ, ಮುಂಗುಸಿಯನ್ನು ಹೋಲುವ ಚಿಕ್ಕ ಪ್ರಾಣಿಯ ಬಾಲದ ಕೂದಲಿನಿಂದ ಅದನ್ನು ಮಾಡುತ್ತಾರೆ. 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆ ಸಿದ್ಧಪಡಿಸಿದ ಕುಂಚದ ಶ್ರೇಣಿ ಇಂದಿಗೂ ಪ್ರಸಿದ್ಧವಾಗಿದೆ. ನಮ್ಮ ದೇಶದಲ್ಲಿ ಮುಂಗುಸಿಯ ಕೂದಲಿನಿಂದ ಕುಂಚ ಮಾಡುವ ಕಸುಬು ಬಹುಕಾಲ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಮುಂಗುಸಿಗೆ ದೊರೆತಿರುವುದರಿಂದ ಅಂಥ ಕುಂಚದ ವ್ಯಾಪಾರ ಈಗ ಅಪರಾಧವಾಗಿದೆ. ಆದರೂ ಗುಟ್ಟಾಗಿ ನಡೆದು ಆಗಾಗ ಸಿಕ್ಕಿಬೀಳುತ್ತದೆ. ಇನ್ನು ಒಂಟೆಗೂದಲಿನ ಕುಂಚವೆಂದು ಮಾರುವುದರಲ್ಲಿ ಸಾಮಾನ್ಯವಾಗಿ ಒಂಟೆಯ ಕೂದಲು ಇರುವುದೇ ಇಲ್ಲ. ಅಳಿಲು, ಮೇಕೆ, ಕುದುರೆಮರಿಗಳ ಕೂದಲಿಗೆ ಅಂಗಡಿಯವರು ಇಟ್ಟ ಹೆಸರದು. ಇಲ್ಲಿ ಅಹಿಂಸೆಯೊಡನೆ ಸತ್ಯಾಣುವ್ರತಕ್ಕೂ ಲೋಪ ಬರುತ್ತದೆ.

ಬಣ್ಣಗಳ ವಿಚಾರವೂ ಹೀಗೆಯೇ. ಕಾರ್ಮೈನ್ ಎಂಬ ಕೆಂಪು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನಿಯಲ್ ಕೀಟವನ್ನು ಒಣಗಿಸಿ ಪಡೆಯುವಂಥದು. ಒಂದು ಪೌಂಡು ಒಣಕೀಟಕ್ಕೆ ಸುಮಾರು 70,000 ಜೀವಗಳು ಬೇಕೆಂದು ಲೆಕ್ಕ. ಸೀಪಿಯಾ ಎಂಬ ಕಂದು ಮೂಲತಃ ಕಟ್ಲ್‌ಫಿಶ್ ಎಂಬ ಕಡಲಜೀವಿಯ ಮಸಿಚೀಲದ್ದು. ಇಂದಿನ ಟ್ಯೂಬುಗಳಲ್ಲಿ ಬಹುಮಟ್ಟಿಗೆ ಬೇರೆ ವರ್ಣಗಳ ಮಿಶ್ರಣಕ್ಕೆ ಆ ಹೆಸರು ಉಳಿದಿದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಹಿಂದೆ ದಂತವನ್ನು ಸುಟ್ಟು ಮಾಡಿದ್ದು, ಈಗ ಪ್ರಾಣಿಗಳ ಮೂಳೆಯನ್ನು ಸುಟ್ಟು ಮಾಡಿದ್ದು. ಇಂಡಿಯನ್ ಯೆಲ್ಲೊ ಎಂಬ ಹಳದಿ ನಮ್ಮ ದೇಶದ ಪಿಯುರಿ. ಬಿಹಾರದ ಮುಂಗೇರ್ ಸಮೀಪದ ಹಳ್ಳಿಯೊಂದರಲ್ಲಿ ಹಸುಗಳಿಗೆ ಮಾವಿನೆಲೆಯನ್ನಷ್ಟೇ ತಿನ್ನಿಸಿ, ಅವುಗಳ ಮೂತ್ರದಿಂದ ಇದನ್ನು ತಯಾರಿಸುತ್ತಿದ್ದರೆಂದೂ ಆ ಹಸುಗಳು ಕೃಶವಾಗಿದ್ದುವೆಂದೂ ತ್ರೈಲೋಕ್ಯನಾಥ ಮುಖರ್ಜಿಯವರು 1883ರಲ್ಲಿ ವರದಿ ಮಾಡಿದರು. 20ನೆಯ ಶತಮಾನದ ಆರಂಭದ ಹೊತ್ತಿಗೆ ಅದು ನಿಂತಿತು. ಇಂದು ಆ ಹೆಸರಿನಲ್ಲಿ ಬರುವುದು ರಾಸಾಯನಿಕ ವರ್ಣ.

ವರ್ಣವನ್ನು ಹಿಡಿದಿಡುವ ಜಲವರ್ಣದ ಅಂಟು ಜಾಲಿಯ ಜಾತಿಯ ಮರದ್ದು, ಅದರಲ್ಲಿ ದೋಷವಿಲ್ಲ. ಆದರೆ ಬಣ್ಣ ಸರಾಗವಾಗಿ ಹರಡಲೆಂದು ಹೋರಿಯ ಪಿತ್ತರಸವನ್ನೂ, ಬಿಲ್ಲೆ ಒಣಗಿ ಬಿರಿಯದಿರಲೆಂದು ಜೇನನ್ನೂ ಕೆಲವು ತಯಾರಕರು ಬೆರೆಸುತ್ತಾರೆ. ಫ್ರಾನ್ಸಿನ ಸೆನೆಲಿಯೆ ಸಂಸ್ಥೆ ತನ್ನ ಜಲವರ್ಣದಲ್ಲಿ ಜೇನು ಇದೆಯೆಂದು ತಾನೇ ಸಾರುತ್ತದೆ. ಒಳ್ಳೆಯ ಹತ್ತಿಯ ಕಾಗದ ನೀರನ್ನು ಒಮ್ಮೆಲೇ ಹೀರದಂತೆ ಅದಕ್ಕೆ ಜಿಲೆಟಿನ್ ಲೇಪಿಸುವ ಪದ್ಧತಿ 13ನೆಯ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೋ ಪಟ್ಟಣದಲ್ಲಿ ಬೆಳೆಯಿತು. ಜಿಲೆಟಿನ್ ಎಂದರೆ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಅಂಟು. ನೀರು ತಾಗಿದರೂ ಕದಡದ ಇಂಡಿಯನ್ ಇಂಕಿನಲ್ಲಿ ಅನೇಕ ವೇಳೆ ಅರಗು ಇರುತ್ತದೆ.

ಸಾವು ಮೊದಲೇ ಸಂಭವಿಸಿದೆ ಎಂಬ ವಾದ

ಇದಕ್ಕೆ ಸಾಮಾನ್ಯವಾಗಿ ಬರುವ ಮೊದಲ ಸಮಾಧಾನವೆಂದರೆ, ಪ್ರಾಣಿ ಈಗಾಗಲೇ ಸತ್ತಿದೆ, ಕೊಂದವನು ಬೇರೊಬ್ಬ, ಕೊಳ್ಳುವವನು ಕುಂಚವನ್ನಷ್ಟೇ ಕೊಳ್ಳುತ್ತಾನೆ ಎಂಬುದು. ನಮ್ಮ ಆಚಾರ್ಯರು ಈ ವಾದವನ್ನು ವರ್ತಕರ ಮಟ್ಟದಲ್ಲಿಯೇ ಪರಿಶೀಲಿಸಿದ್ದಾರೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರ ಕರ್ಮಗಳನ್ನು ಎಣಿಸುತ್ತವೆ. ದಂತವಾಣಿಜ್ಯ, ಲಾಕ್ಷಾವಾಣಿಜ್ಯಗಳು ಆ ಪಟ್ಟಿಯಲ್ಲಿವೆ. ದಂತವೆಂದರೆ ಆನೆಯ ದಂತವೊಂದೇ ಅಲ್ಲ; ಕೂದಲು, ಉಗುರು, ಮೂಳೆ, ಚರ್ಮ, ರೋಮಗಳನ್ನು ಅವು ಹುಟ್ಟುವ ಸ್ಥಳದಲ್ಲಿಯೇ ವ್ಯಾಪಾರಕ್ಕಾಗಿ ಪಡೆಯುವುದೆಲ್ಲವೂ ದಂತವಾಣಿಜ್ಯವೆಂದು ಹೇಮಚಂದ್ರರು ವಿವರಿಸುತ್ತಾರೆ.

ಹುಟ್ಟುವ ಸ್ಥಳದಲ್ಲಿ ಎಂಬ ಮಾತು ಗಮನಾರ್ಹ. ವರ್ತಕನು ಬೇಡನ ಹಟ್ಟಿಗೆ ಹೋಗಿ ಹಣ ಕೊಟ್ಟರೆ ಬೇಡನು ಆ ಹಣಕ್ಕಾಗಿಯೇ ಬೇಟೆಗೆ ಹೊರಡುತ್ತಾನೆ. ಕೊಡುವ ಹಣವೇ ಕೊಲೆಗೆ ಕಾರಣವಾಗುವ ಆ ಸ್ಥಳವನ್ನು ಆಚಾರ್ಯರು ಗುರುತಿಸಿದರು. ಅಂಗಡಿಯೆಂಬುದು ಹುಟ್ಟುವ ಸ್ಥಳದಿಂದ ದೂರವಿದೆಯಲ್ಲ, ಆದುದರಿಂದ ದೋಷವಿಲ್ಲ ಎಂದು ಇಂದು ಯಾರಾದರೂ ಹೇಳಬಹುದು. ವ್ಯಾಪಾರದ ರೀತಿಯನ್ನು ಬಲ್ಲವರಿಗೆ ಇದು ಒಪ್ಪಿಗೆಯಾಗದು. ಅಂಗಡಿಯಲ್ಲಿ ಒಂದು ಕುಂಚ ಖರ್ಚಾದರೆ ದಾಸ್ತಾನಿನ ಪುಸ್ತಕದಲ್ಲಿ ಒಂದು ಅಂಕಿ ಕಡಿಮೆಯಾಗುತ್ತದೆ. ಅದು ಸಗಟು ವ್ಯಾಪಾರಿಗೆ, ಅಲ್ಲಿಂದ ತಯಾರಕನಿಗೆ, ಅಲ್ಲಿಂದ ತುಪ್ಪಳದ ವ್ಯಾಪಾರಿಗೆ ಬೇಡಿಕೆಯಾಗಿ ಹೋಗುತ್ತದೆ. ಹಿಂದೆ ವರ್ತಕನು ಕಾಲ್ನಡಿಗೆಯಲ್ಲಿ ಒಯ್ಯುತ್ತಿದ್ದ ಮುಂಗಡವನ್ನು ಇಂದು ರಸೀದಿಯೇ ಒಯ್ಯುತ್ತದೆ. ಕೃತ, ಕಾರಿತ, ಅನುಮತಗಳೆಂಬ ಮೂರರಲ್ಲಿ ಕೊಂಡವನು ಕೃತದಿಂದ ಬಿಡುಗಡೆ ಹೊಂದಬಹುದು. ಕಾರಿತದಿಂದ ಸುಲಭವಾಗಿ ಬಿಡುಗಡೆ ಹೊಂದಲಾರನು.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಅನಿವಾರ್ಯವಾಗಿರುವುದರಿಂದ ಅಣುವ್ರತದಲ್ಲಿ ಅವುಗಳಿಗೆ ಸ್ಥಳ ಬಿಟ್ಟಿದೆ. ಅಡಿಗೆಯ ಒಲೆ ಹೊತ್ತಿಸದೆ, ನೆಲ ಉಳದೆ ಸಂಸಾರ ಸಾಗದು. ಆದರೆ ಸಂತೋಷಕ್ಕಾಗಿ ಬರೆಯುವ ಚಿತ್ರಕ್ಕೆ ವೀಸೆಲಿನ ಬಾಲ ಅನಿವಾರ್ಯವಲ್ಲ. ಬೇರೆ ಸಾಧನವಿರುವಾಗ ಅದನ್ನೇ ಬಯಸುವುದು ಅನರ್ಥದಂಡದ ಸಮೀಪಕ್ಕೆ ಬರುತ್ತದೆ.

ಹಿಂದಿನ ಚಿತ್ರಕಾರರು ಅಳಿಲಿನ ಕೂದಲಿನ ಕುಂಚಗಳನ್ನು ಬಳಸಲಿಲ್ಲವೆ ಎಂಬುದು ಎರಡನೆಯ ಪ್ರಶ್ನೆ. ಭಾರತದ ಕಿರುಚಿತ್ರಕಾರರಲ್ಲಿ ಆ ಪದ್ಧತಿ ಇದ್ದುದು ನಿಜ. ಆದರೆ ಹಿಂದಿನವರ ಬಡತನದ ಸಾಧನಗಳನ್ನು ಇಂದಿನವರ ಆಯ್ಕೆಗೆ ಆಧಾರ ಮಾಡಿಕೊಳ್ಳುವುದು ನ್ಯಾಯವಲ್ಲ. ನೈಲಾನ್ ಮತ್ತು ಪಾಲಿಯೆಸ್ಟರ್ ಎಳೆಗಳ ಕುಂಚ ಅವರಿಗೆ ದೊರೆಯುತ್ತಿರಲಿಲ್ಲ.

ಕೃತಕ ಎಳೆ ಪ್ರಾಣಿಯ ಕೂದಲಿನಷ್ಟು ನೀರು ಹಿಡಿಯದು, ತುದಿ ಬೇಗ ಬಾಗುತ್ತದೆ ಎಂಬುದು ಮೂರನೆಯ ಆಕ್ಷೇಪಣೆ. ಇದರಲ್ಲಿ ಸತ್ಯಾಂಶವಿದೆ, ಈ ಅಂತರ ಈಗ ಬಹಳ ಕಡಿಮೆಯಾಗಿದ್ದರೂ ಪೂರ್ಣವಾಗಿ ಅಳಿದಿಲ್ಲ. ಎಳೆ ಕಲ್ಲೆಣ್ಣೆಯಿಂದ ಬಂದುದು, ಎಸೆದರೆ ಮಣ್ಣಿನಲ್ಲಿ ಕರಗದು ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಪೂರ್ಣ ನಿರ್ದೋಷವಾದ ವಸ್ತು ಗೃಹಸ್ಥನಿಗೆ ದೊರೆಯದು. ದೊರೆಯುವವುಗಳಲ್ಲಿ ಅಲ್ಪದೋಷವುಳ್ಳದ್ದನ್ನು ಆರಿಸಿ, ಅದನ್ನು ಬಹುಕಾಲ ಬಾಳುವಂತೆ ತೊಳೆದು ನೆಟ್ಟಗೆ ಒಣಗಿಸಿಟ್ಟುಕೊಳ್ಳುವುದು ಯತ್ನಾಚಾರ. ಷಡ್‌ಲೇಶ್ಯೆಯ ಕಥೆಯಲ್ಲಿ ನೇರಳೆಯ ಹಣ್ಣಿಗಾಗಿ ಒಬ್ಬನು ಮರವನ್ನೇ ಬುಡಸಹಿತ ಕಡಿಯಲು ಹೊರಟನು, ಕೊನೆಯವನು ಉದುರಿದ ಹಣ್ಣನ್ನು ಆರಿಸಿಕೊಂಡನು. ಆರು ಮಂದಿಗೂ ಹಸಿವೆ ಒಂದೇ ಆಗಿತ್ತು.

ತಿಳಿಯದಿರುವುದೇ ಲೇಸೆ?

ಇಷ್ಟೆಲ್ಲ ಕೆದಕುವುದೇಕೆ, ತಿಳಿಯದೆ ಬಳಸಿದರೆ ಪಾಪವಿಲ್ಲವಲ್ಲ ಎಂದು ಹೇಳುವವರುಂಟು. ಜ್ಞಾತಭಾವ ಅಜ್ಞಾತಭಾವಗಳಿಂದ ಆಸ್ರವದಲ್ಲಿ ತಾರತಮ್ಯ ಉಂಟೆಂದು ತತ್ತ್ವಾರ್ಥಸೂತ್ರ ಹೇಳುವುದು ನಿಜ. ಆದರೆ ತಿಳಿಯಲು ಅವಕಾಶವಿದ್ದೂ ಕಣ್ಣು ಮುಚ್ಚಿಕೊಳ್ಳುವುದು ಅಜ್ಞಾನವೆನಿಸದು, ಪ್ರಮಾದವೆನಿಸುತ್ತದೆ. ಹಿಂಸೆಯ ಲಕ್ಷಣದಲ್ಲಿ ಪ್ರಮಾದವೇ ಮೊದಲ ಪದ. ಉತ್ತಮ ದರ್ಜೆಯ ಟ್ಯೂಬುಗಳ ಮೇಲೆ ಇಂದು ವರ್ಣದ ಸಂಕೇತ ಮುದ್ರಿತವಾಗಿರುತ್ತದೆ. ಎನ್‌ಆರ್ 4 ಎಂದಿದ್ದರೆ ಕೀಟದ ಕೆಂಪು. ಪಿಬಿಕೆ 9 ಎಂದಿದ್ದರೆ ಮೂಳೆಯ ಕಪ್ಪು. ಪಿಬಿಕೆ 6 ಅಥವಾ 7 ಎಂದಿದ್ದರೆ ಮಸಿಯ ಕಪ್ಪು. ಕಾರ್ಮೈನ್ ಬಿಸಿಲಿಗೆ ಮಾಸುತ್ತದೆ. ಅದರ ಸ್ಥಾನದಲ್ಲಿ 1958ರಿಂದ ಮಾರುಕಟ್ಟೆಗೆ ಬಂದ ಕ್ವಿನಾಕ್ರಿಡೋನ್ ವರ್ಣಗಳು ಹೆಚ್ಚು ಬಾಳುತ್ತವೆ. ಕಾಗದದ ಲೇಪ, ಪಿತ್ತರಸ, ಜೇನುಗಳು ಸಂಕೇತದಿಂದ ತಿಳಿಯುವುದಿಲ್ಲ. ತಯಾರಕರಿಗೆ ಒಂದು ಪತ್ರ ಬರೆದು ಕೇಳಬೇಕು. ಪ್ರಾಣಿಜನ್ಯ ಲೇಪವಿಲ್ಲದ ಕಾಗದಗಳೂ ದೊರೆಯುತ್ತವೆ. ಮಧುತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಸೇರಿಸಿರುವುದು ನಾಲಗೆಯನ್ನು ಕುರಿತೇ ಆದರೂ ಅದರ ಕಾರಣ ಜೇನುಗೂಡಿನಲ್ಲಿದೆ. ಆ ಕಾರಣ ಬಣ್ಣದ ಬಿಲ್ಲೆಗೂ ಅನ್ವಯಿಸುತ್ತದೆ.

ಮನೆಯಲ್ಲಿ ಹಿರಿಯರಿಂದ ಬಂದ ಕೂದಲಿನ ಕುಂಚವಿದ್ದರೆ ಏನು ಮಾಡಬೇಕೆಂಬುದು ಕಠಿನವಾದ ಪ್ರಶ್ನೆ. ಅದನ್ನು ಒಲೆಗೆ ಹಾಕಿದರೆ ಸತ್ತ ಜೀವ ಮರಳುವುದಿಲ್ಲ. ಅದರಿಂದ ಬರೆದರೆ ಹೊಸ ಬೇಡಿಕೆ ಹುಟ್ಟುವುದೂ ಇಲ್ಲ. ಕಾರಿತದ ದೃಷ್ಟಿಯಿಂದ ಬಳಸಲು ಅಡ್ಡಿಯಿಲ್ಲ. ಅನುಮತದ ದೃಷ್ಟಿಯಿಂದ ವಿಚಾರ ಬೇರೆ: ಅದರ ಮೊನೆಯನ್ನು ಹತ್ತು ಜನರ ಮುಂದೆ ಹೊಗಳಿದರೆ ಅವರಲ್ಲಿ ಒಬ್ಬರಾದರೂ ಅಂಥದನ್ನು ಕೊಳ್ಳಲು ಹೊರಡುತ್ತಾರೆ. ಎರಡು ನಯಗಳನ್ನೂ ಹಿಡಿದು ಹೇಳುವುದಾದರೆ, ಅದು ಸವೆಯುವವರೆಗೆ ಮೌನವಾಗಿ ಬಳಸಬಹುದು. ಮನಸ್ಸು ಒಪ್ಪದವರು ಬಿಡಬಹುದು. ಬದಲಿಗೆ ಅಂಥದೇ ಇನ್ನೊಂದನ್ನು ಕೊಳ್ಳಬಾರದು.

ಪರೀಕ್ಷೆಯ ನೆಪ

ಹಿಂಸೆಯ ದೋಷವಿಲ್ಲದ ಸಾಧನಗಳಲ್ಲಿಯೂ ಇನ್ನೊಂದು ಬಲೆಯಿದೆ. ಹೊಸ ಬಣ್ಣ ಹೇಗಿದೆಯೋ ನೋಡೋಣ, ಹೊಸ ಪೆನ್ನು ಹೇಗೆ ಹರಿಯುವುದೋ ನೋಡೋಣ ಎಂದು ಪರೀಕ್ಷಾರ್ಥ ಕೊಂಡುದು ಕಪಾಟು ತುಂಬುತ್ತದೆ. ಚಿತ್ರಗಳಿಗಿಂತ ಬಣ್ಣದ ಮಾದರಿಗಳ ಪಟ್ಟಿಗಳೇ ಪುಸ್ತಕದಲ್ಲಿ ಹೆಚ್ಚಾಗುತ್ತವೆ. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದರು. ನಲವತ್ತು ಟ್ಯೂಬುಗಳಿದ್ದೂ ನಲವತ್ತೊಂದನೆಯದರ ಕನಸು ಕಾಣುವುದು ಮೂರ್ಛೆಯ ಲಕ್ಷಣ.

ಇದಕ್ಕೆ ಔಷಧ ಸ್ವಾಮಿ ಸಮಂತಭದ್ರರ ರತ್ನಕರಂಡಕದಲ್ಲಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಈ ವಿಭಾಗದಂತೆ ಬಣ್ಣ, ಕಾಗದ, ಮಷಿಗಳು ಭೋಗ; ಕುಂಚ, ಪೆನ್ನು, ತಟ್ಟೆಗಳು ಉಪಭೋಗ. ಎರಡಕ್ಕೂ ಪರಿಮಾಣ ಗೊತ್ತುಮಾಡಬಹುದು. ಮೂರು ಕುಂಚ, ಹನ್ನೆರಡು ಬಣ್ಣ, ಒಂದು ಪುಸ್ತಕ. ಪುಸ್ತಕ ತುಂಬುವವರೆಗೆ ಇನ್ನೊಂದಿಲ್ಲ, ಬಿಲ್ಲೆ ಸವೆಯುವವರೆಗೆ ಹೊಸದಿಲ್ಲ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವದ್ದು ಯಮ. ಮೊದಲು ಚಾತುರ್ಮಾಸದ ನಾಲ್ಕು ತಿಂಗಳಿಗೆ ನಿಯಮ ಸ್ವೀಕರಿಸಿದರೆ ಸಾಕು. ಕೆಂಪು, ಹಳದಿ, ನೀಲಿಗಳ ಬೆರಕೆಯಿಂದ ಎಷ್ಟು ಬಣ್ಣ ಹುಟ್ಟುತ್ತವೆಂದು ಆಗ ತಿಳಿಯುತ್ತದೆ.

ನೀರಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ವ್ಯರ್ಥವಾಗಿ ನೀರು ಚೆಲ್ಲುವುದನ್ನು ಆಚಾರ್ಯರು ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ. ಸೋಸಿದ ನೀರು ಎರಡು ಚಿಕ್ಕ ಬಟ್ಟಲುಗಳಷ್ಟು ಸಾಕು, ಒಂದು ತೊಳೆಯಲು, ಒಂದು ಬೆರೆಸಲು. ಕ್ಯಾಡ್ಮಿಯಮ್, ಕೋಬಾಲ್ಟ್ ಮೊದಲಾದ ಲೋಹದ ವರ್ಣಗಳು ಜಲಜೀವಿಗಳಿಗೆ ವಿಷ. ಅವುಗಳ ಕೆಸರನ್ನು ಮೋರಿಗೆ ಸುರಿಯದೆ, ತಳದಲ್ಲಿ ನಿಲ್ಲಲು ಬಿಟ್ಟು, ಬಟ್ಟೆಯಿಂದ ಒರೆಸಿ ತೆಗೆಯತಕ್ಕದ್ದು. ತೆರೆದ ಬಟ್ಟಲಿನಲ್ಲಿ ರಾತ್ರಿ ಕೀಟ ಬೀಳದಂತೆ ಮುಚ್ಚಿಡತಕ್ಕದ್ದು.

ಸಮಾಜದ ಹೊಣೆ

ಇದು ವ್ಯಕ್ತಿಗಳ ಮಟ್ಟದಲ್ಲಿಯೇ ಮುಗಿಯುವ ವಿಷಯವಲ್ಲ. ಮಹಾವೀರ ಜಯಂತಿಯಂದು ಅನೇಕ ಬಸದಿಗಳಲ್ಲಿ ಮಕ್ಕಳಿಗೆ ಚಿತ್ರಸ್ಪರ್ಧೆ ನಡೆಯುತ್ತದೆ; ಬಹುಮಾನವಾಗಿ ಬಣ್ಣದ ಪೆಟ್ಟಿಗೆ ಕೊಡುತ್ತಾರೆ. ಅಹಿಂಸೆಯನ್ನು ಕುರಿತು ಬರೆದ ಮಗುವಿನ ಕೈಗೆ ಧರ್ಮಸಂಸ್ಥೆಯೇ ಪ್ರಾಣಿಯ ಕೂದಲಿನ ಕುಂಚವನ್ನು ಕೊಟ್ಟರೆ, ಆ ಮಗು ಮುಂದೆ ಕೇಳುವ ಪ್ರಶ್ನೆಗೆ ಟ್ರಸ್ಟಿನವರಲ್ಲಿ ಉತ್ತರವಿರುವುದಿಲ್ಲ. ಪೆಟ್ಟಿಗೆಗಳನ್ನು ಕೊಳ್ಳುವ ಮುನ್ನ ಕುಂಚ ಯಾವುದರದೆಂದು ವಿಚಾರಿಸಲು ಖರ್ಚಿಲ್ಲ. ಸ್ಟೇಷನರಿ ವ್ಯಾಪಾರದಲ್ಲಿರುವ ಸಮಾಜದ ಬಂಧುಗಳು ಕೂದಲಿನ ಕುಂಚಗಳನ್ನು ತರಿಸುವುದನ್ನು ನಿಲ್ಲಿಸಿದರೆ, ದಂತವಾಣಿಜ್ಯತ್ಯಾಗವೆಂಬ ಹಳೆಯ ಮಾತು ಅವರ ಅಂಗಡಿಯಲ್ಲಿ ಆಚರಣೆಗೆ ಬಂದಂತಾಗುತ್ತದೆ. ಲಾಭ ಸ್ವಲ್ಪ ಕಡಿಮೆಯಾಗಬಹುದು. ಗಿರಾಕಿಗೆ ಕಾರಣವನ್ನು ಹೇಳಲು ಸಂಕೋಚ ಬೇಡ.

ದೀಪದ ಮಸಿ, ಕಾವಿಮಣ್ಣು, ಮರದ ಅಂಟು, ಹತ್ತಿಯ ಕಾಗದ ಇವುಗಳಿಂದಲೇ ಬಹಳಷ್ಟು ಒಳ್ಳೆಯ ಚಿತ್ರಗಳನ್ನು ಬರೆಯಬಹುದು. ಮನೆಯ ಹಿರಿಯರು ಈ ಪರ್ಯೂಷಣದಲ್ಲಿ ಮಕ್ಕಳೊಡನೆ ಕುಳಿತು ಬಣ್ಣದ ಪೆಟ್ಟಿಗೆಯನ್ನು ಒಮ್ಮೆ ತೆರೆದು, ಪ್ರತಿಯೊಂದು ವಸ್ತುವಿನ ಮೇಲಿನ ಬರಹವನ್ನು ಓದಿ, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮತ್ತೆ ಕೊಳ್ಳಬಾರದು ಎಂದು ನಿಶ್ಚಯಿಸಲಿ. ಅನಂತರ ಅಂಗಳದ ಎಲೆಯೊಂದನ್ನು ಕೀಳದೆ, ಅದು ಗಿಡದಲ್ಲಿರುವಂತೆಯೇ ನೋಡಿ ಬರೆಯಲಿ.