ನೆರೆಯವನಾದ ವಕೀಲನು

ಲೂಕನು ಬರೆದ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಬಲ್ಲವನೊಬ್ಬನು ನಮ್ಮ ಕರ್ತನ ಬಳಿಗೆ ಬಂದು, ತನ್ನ ನೆರೆಯವನು ಯಾರೆಂದು ವಿಚಾರಿಸಿದ ಸಂಗತಿಯನ್ನು ನೀವು ಅನೇಕಾವರ್ತಿ ಕೇಳಿದ್ದೀರಿ. ಅದು ವಕೀಲನ ಪ್ರಶ್ನೆಯೇ ಸರಿ. ಹೊಲದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ಮೋಜಣಿದಾರನನ್ನು ಕೇಳುವ ಹಾಗೆ, ಪ್ರೀತಿಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ಅವನು ಕೇಳಿದನು. ಕರ್ತನು ಎಲ್ಲೆಕಲ್ಲನ್ನು ನೆಡಲಿಲ್ಲ. ಯೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಕಾಣದವರಂತೆ ಹೋದ ಯಾಜಕನನ್ನೂ ಲೇವಿಯನನ್ನೂ, ಕಂಡು ನಿಂತ ಸಮಾರ್ಯದವನನ್ನೂ ಅವನ ಮುಂದಿಟ್ಟು, ಈ ಮೂವರಲ್ಲಿ ನೆರೆಯವನಾದವನು ಯಾರೆಂದು ತಿರುಗಿ ಅವನನ್ನೇ ಕೇಳಿದನು.

ಆ ಶಾಸ್ತ್ರಿಯು ಮನೆಗೆ ಹೋಗಿ ಏನು ಮಾಡಿದನೆಂಬದನ್ನು ಲೂಕನು ಬರೆಯಲಿಲ್ಲ. ಆದರೆ ನಮ್ಮ ಕನ್ನಡ ಜನರಲ್ಲಿ ವಕೀಲರೊಬ್ಬರು ಅದೇ ಪ್ರಶ್ನೆಗೆ ತಮ್ಮ ಆಯುಷ್ಯದಿಂದಲೇ ಉತ್ತರ ಕೊಟ್ಟರು. ಅವರೇ ಕುದ್ಮುಲ್ ರಂಗರಾಯರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿರುವ ನಮ್ಮ ಸಭೆಗಳಿಗೆ ಅವರ ಜೀವಿತವು ಪ್ರಯೋಜನಕರವೆಂದು ಎಣಿಸಿ ಇಲ್ಲಿ ಬರೆಯುತ್ತೇವೆ.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಗ್ರಾಮದಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದು, ಉಪಾಧ್ಯಾಯರಾಗಿ ದುಡಿಯುತ್ತಾ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಡವರ ಪಕ್ಷ ಹಿಡಿಯುವ ಪ್ರಾಮಾಣಿಕ ವಕೀಲರೆಂದು ಊರಲ್ಲಿ ಹೆಸರಾದರು. ಇಷ್ಟರಲ್ಲಿಯೇ ತೃಪ್ತರಾಗಿದ್ದರೆ ಅವರು ಮನೆ ಕಟ್ಟಿ, ತೋಟ ಕೊಂಡು, ಸುಖವಾಗಿ ಮುದುಕರಾಗಬಹುದಾಗಿತ್ತು.

ಆದರೆ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತಲಾರದ ಜನರು ಅವರ ಕಣ್ಣಿಗೆ ಬಿದ್ದರು. ಕಕ್ಷಿಗಾರನು ವಕೀಲನ ಮನೆಗೆ ಬರಬೇಕಾದರೆ ಮೊದಲು ಆ ಬೀದಿಯಲ್ಲಿ ನಡೆಯುವ ಅಪ್ಪಣೆ ಅವನಿಗಿರಬೇಕು; ಪತ್ರಕ್ಕೆ ರುಜು ಹಾಕಬೇಕಾದರೆ ಅಕ್ಷರ ಬರಬೇಕು. ಮುಟ್ಟಬಾರದವರೆಂದು ದೂರವಿಟ್ಟ ಜನರಿಗೆ ಇವೆರಡೂ ಇರಲಿಲ್ಲ. ಆದಕಾರಣ ರಂಗರಾಯರು 1892ರಲ್ಲಿ ಅವರ ಮಕ್ಕಳಿಗೋಸ್ಕರ ಪಾಠಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕೂಲಿಗೆ ಹೋಗುವ ಮಗುವನ್ನು ಶಾಲೆಗೆ ಕಳುಹಿಸಿದರೆ ಮನೆಯ ಗಂಜಿಗೆ ಕೊರತೆಯಾಗುವದೆಂಬದನ್ನು ಬಲ್ಲವರಾಗಿ, ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೈಗೆ ಚಿಲ್ಲರೆ ಕಾಸನ್ನೂ ಕೊಡಿಸಿದರು. ಓದಿನ ಸಂಗಡ ಕೈಕಸಬನ್ನು ಕಲಿಸಿದರು. ಕೊರಗರೇ ಮೊದಲಾದವರಿಗೆ ಮನೆಯ ನೆಲವನ್ನು ದೊರಕಿಸಿಕೊಡುವದಕ್ಕೆ ಸರಕಾರದ ಬಾಗಿಲನ್ನು ತಟ್ಟಿದರು.

ಇದರ ಬೆಲೆಯನ್ನು ಅವರು ತೆರಬೇಕಾಯಿತು. ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಆದರೂ ಅವರು ಹಿಂದೆಗೆಯದೆ, ವಿಧವೆಯಾಗಿದ್ದ ಸ್ವಂತ ಮಗಳಾದ ರಾಧಾಬಾಯಿಯವರಿಗೆ ಜಾತಿಯ ಕಟ್ಟನ್ನು ಮೀರಿ ಪಿ. ಸುಬ್ಬರಾಯನ್ ಅವರೊಂದಿಗೆ ವಿವಾಹ ಮಾಡಿಸಿದರು. ಆ ಸುಬ್ಬರಾಯನ್ನರು ಮುಂದೆ ಮದ್ರಾಸು ಪ್ರಾಂತ್ಯದ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿ ಕೂತರು. ರಂಗರಾಯರು 1927ರಲ್ಲಿ ಸನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡು, 1928ನೆಯ ಇಸವಿ ಜನವರಿ 30ರಂದು ತೀರಿಕೊಂಡರು. 1934ರಲ್ಲಿ ಗಾಂಧಿಯವರು ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ಸ್ಮರಿಸಿ ಕೊಂಡಾಡಿದರು. ಮಂಗಳೂರಿನ ಪುರಭವನವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇವರು ನಮ್ಮ ಸಭೆಯವರಲ್ಲ, ಬ್ರಹ್ಮಸಮಾಜದವರು. ಹಾಗಾದರೆ ಇವರ ಮಾತು ನಮಗೇಕೆ ಎಂದು ಯಾರಾದರೂ ಅಂದಾರು. ಅಂಥವರು ಸಾಮ್ಯವನ್ನು ಮತ್ತೊಮ್ಮೆ ಓದಲಿ. ಕರ್ತನು ಮಾದರಿಯಾಗಿ ನಿಲ್ಲಿಸಿದ ಸಮಾರ್ಯದವನು ದೇವಾಲಯಕ್ಕೆ ಸೇರಿದವನಾಗಿದ್ದನೋ? ದೇವಾಲಯಕ್ಕೆ ಸೇರಿದ ಇಬ್ಬರೂ ದಾಟಿಹೋಗಿದ್ದರು.

ಈ ಜೀವಿತದಿಂದ ಎರಡು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು: ಸಮಾರ್ಯದವನು ಗಾಯವನ್ನು ಕಟ್ಟಿ ಸುಮ್ಮನಾಗಲಿಲ್ಲ, ಛತ್ರದವನಿಗೆ ಹಣ ಕೊಟ್ಟು, ಇನ್ನೂ ಖರ್ಚಾದರೆ ತಿರುಗಿ ಬಂದು ಕೊಡುವೆನೆಂದು ಹೊಣೆ ಹೊತ್ತನು. ರಂಗರಾಯರೂ ಒಂದು ದಿನದ ಭಿಕ್ಷೆಯನ್ನು ಕೊಟ್ಟು ಪುಣ್ಯ ಬಂತೆನ್ನಲಿಲ್ಲ. ಅಕ್ಷರ, ಕಸಬು, ನೆಲ, ಇವು ಬಿದ್ದವನು ಎದ್ದು ತನ್ನ ಕಾಲ ಮೇಲೆ ನಿಲ್ಲುವ ತನಕ ಹೊರುವ ಹೊಣೆಗಳು.

ಎರಡನೆಯದು: ತಾವು ಓದಿಸಿದ ಜನರ ಮಗುವೊಂದು ದೊಡ್ಡ ಅಧಿಕಾರಕ್ಕೇರಿ, ಸ್ವಂತ ಕಾರಿನಲ್ಲಿ ಊರ ರಸ್ತೆಯಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮ ಸಾರ್ಥಕವೆಂಬದು ಅವರ ಆಶೆಯಾಗಿತ್ತು. ಯಾರ ನೆರಳು ಸೋಕಿದರೆ ಮೈಲಿಗೆಯೆಂದು ಲೋಕವು ಸ್ನಾನಕ್ಕೆ ಓಡುತ್ತಿತ್ತೋ, ಅವರ ಧೂಳನ್ನು ಇವರು ಆಶೀರ್ವಾದವೆಂದು ಬಯಸಿದರು. ಶಿಷ್ಯರ ಕಾಲಿನ ಧೂಳನ್ನು ತನ್ನ ಕೈಯಾರೆ ತೊಳೆದ ಕರ್ತನನ್ನು ಬಲ್ಲ ನಾವು ಇದನ್ನು ಕೇಳಿ ತಲೆತಗ್ಗಿಸಬೇಕು. ಯಾಕಂದರೆ ಉಪಕಾರ ಮಾಡಿ ಮೇಲೆ ನಿಂತು ನೋಡುವದು ಸುಲಭ. ನಮ್ಮಿಂದ ಉಪಕಾರ ಹೊಂದಿದವನು ನಮಗಿಂತ ಮೇಲಾಗಲೆಂದು ಬೇಡುವದು ಕಷ್ಟ.

ಈಗ ನಮ್ಮ ಊರುಗಳನ್ನು ನೋಡೋಣ. ಒಂದು ಮೊಳ ಬದುವಿಗಾಗಿ ಅಣ್ಣತಮ್ಮಂದಿರು ವರುಷಗಟ್ಟಲೆ ತಾಲ್ಲೂಕು ಕೋರ್ಟಿಗೆ ಅಲೆಯುತ್ತಾರೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು, ಆದರೂ ನಿಲ್ಲುವದಿಲ್ಲ. ಇತ್ತ ನಿಜವಾಗಿ ನ್ಯಾಯ ಬೇಕಾದ ವಿಧವೆಯು ಹಣವಿಲ್ಲವೆಂದು ಮೌನವಾಗಿದ್ದಾಳೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ, ಬಡವರಿಗೂ ವಕೀಲರ ಸಹಾಯವು ಫೀಸಿಲ್ಲದೆ ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ವ್ಯಾಜ್ಯವು ಅಲ್ಲಿಯೇ ಮುಗಿಯುತ್ತದೆ. ಇದನ್ನು ಆ ವಿಧವೆಗೆ ಹೇಳುವವರಾರು? ಅವಳ ಸಂಗಡ ಬಸ್ಸು ಹತ್ತುವವರಾರು?

ಹುಣಸೂರು, ಕೋಟೆ ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ಕಬಿನಿಯ ಅಣೆಕಟ್ಟೂ ನಾಗರಹೊಳೆಯ ಅಭಯಾರಣ್ಯವೂ ಆದಾಗ ನೆಲೆ ತಪ್ಪಿದವರು ಅವರಲ್ಲಿ ಬಹುಮಂದಿ. 2006ರ ಅರಣ್ಯ ಹಕ್ಕು ಕಾಯಿದೆಯು 2005ನೆಯ ಇಸವಿ ದಶಂಬರ 13ಕ್ಕೆ ಮೊದಲಿನಿಂದ ಅವರು ಅನುಭವಿಸುತ್ತಿರುವ ನೆಲಕ್ಕೆ ಹಕ್ಕು ಕೊಡುತ್ತದೆ. ಗ್ರಾಮಸಭೆಯ ಮುಂದೆ ಅರ್ಜಿ ಹಾಕಬೇಕು, ಸಾಕ್ಷಿ ಒದಗಿಸಬೇಕು. ಓದು ಬಲ್ಲ ನಮ್ಮ ಯೌವನಸ್ಥರು ಒಂದು ಅರ್ಜಿಯನ್ನು ಬರೆದುಕೊಡಲಾರರೋ?

ಪ್ರಿಯರೇ, ನಮ್ಮ ಹಿರಿಯರು ಒಂದು ಕಾಲದಲ್ಲಿ ದಾರಿಯಲ್ಲಿ ಬಿದ್ದಿದ್ದವರು. ಯಾರೋ ನಿಂತು ಅವರಿಗೆ ಅಕ್ಷರ ಕಲಿಸಿದ್ದರಿಂದಲೇ ನಾವು ಇಂದು ಈ ಪತ್ರಿಕೆಯನ್ನು ಓದುತ್ತಿದ್ದೇವೆ. ಎತ್ತಲ್ಪಟ್ಟವರೇ ಹಾಡಿಯ ಕಡೆಗೆ ನೋಡದೆ ಓರೆಯಾಗಿ ದಾಟಿಹೋದರೆ, ಯಾಜಕನ ಪಾಪಕ್ಕಿಂತ ನಮ್ಮ ಪಾಪ ದೊಡ್ಡದು. ಯಾಕಂದರೆ ಗಾಯದ ನೋವು ಎಂಥದೆಂದು ಅವನಿಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ.

ವಕೀಲರಾಗುವದು ಎಲ್ಲರಿಗೂ ದಕ್ಕುವದಲ್ಲ. ನೆರೆಯವರಾಗುವದು ಎಲ್ಲರಿಗೂ ಸಾಧ್ಯ. ಈ ತಿಂಗಳಲ್ಲಿ ನಮ್ಮ ಒಂದೊಂದು ಸಭೆಯೂ ಒಬ್ಬ ವಿಧವೆಯ ಅಥವಾ ಒಂದು ಹಾಡಿಯ ಹೊಣೆಯನ್ನು ಹೊರಲಿ. ಹೋಗಿ ಹಾಗೆಯೇ ಮಾಡುವ ಕೃಪೆಯನ್ನು ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.