ಶ್ರಾವಕನ ಹಿತ್ತಲು

ಬಾವಿಕಟ್ಟೆಯ ನೀರು ಹರಿದುಹೋಗುವ ಕಡೆ ಒಂದು ಬಸಳೆಯ ಚಪ್ಪರ, ಬೇಲಿಗೆ ಹಬ್ಬಿದ ತೊಂಡೆ, ಮಳೆಗಾಲಕ್ಕೆ ಹೀರೆ ಮತ್ತು ಪಡುವಲದ ಬಳ್ಳಿ, ಅಡುಗೆಮನೆಯ ಬಾಗಿಲ ಬಳಿ ಕರಿಬೇವು, ಒಂದೆಲಗ, ದೊಡ್ಡಪತ್ರೆ, ಅಮೃತಬಳ್ಳಿ - ಇವು ಕನ್ನಡ ನಾಡಿನ ಗೃಹಸ್ಥರ ಮನೆಗಳಲ್ಲಿ ಹಿಂದಿನಿಂದಲೂ ಕಾಣಬರುವ ಸಂಪತ್ತು. ಜೈನ ಶ್ರಾವಕರ ಮನೆಗಳೂ ಇದಕ್ಕೆ ಹೊರತಲ್ಲ. ಆದರೆ ಅಹಿಂಸಾಣುವ್ರತವನ್ನು ಸ್ವೀಕರಿಸಿದವನಿಗೆ ಹಿತ್ತಲು ತರಕಾರಿ ದೊರೆಯುವ ಸ್ಥಳ ಮಾತ್ರವಲ್ಲ. ಗುದ್ದಲಿಯನ್ನು ಎತ್ತಿದಾಗಲೆಲ್ಲ ವ್ರತವು ಪರೀಕ್ಷೆಗೆ ಒಳಗಾಗುವ ಸ್ಥಳವೂ ಹೌದು.

ಇಲ್ಲಿ ಒಂದು ಶಂಕೆ ಸಹಜವಾಗಿಯೇ ಉದ್ಭವಿಸುತ್ತದೆ. ನೆಲವನ್ನು ಅಗೆದರೆ ಪೃಥ್ವೀಕಾಯಿಕ ಜೀವಗಳಿಗೆ ಬಾಧೆ, ನೀರೆರೆದರೆ ಜಲಕಾಯಿಕ ಜೀವಗಳಿಗೆ ಬಾಧೆ, ಕೊಯ್ದರೆ ವನಸ್ಪತಿಕಾಯಿಕ ಜೀವಗಳಿಗೆ ಬಾಧೆ. ಇವುಗಳ ಜೊತೆಗೆ ಮಣ್ಣಿನಲ್ಲಿ ಎರೆಹುಳು, ಇರುವೆ ಮೊದಲಾದ ತ್ರಸಜೀವಗಳಿವೆ. ಹೀಗಿರುವಾಗ ಹಿತ್ತಲಿನ ಗೊಡವೆಯನ್ನೇ ಬಿಟ್ಟು, ಬೇಕಾದುದನ್ನು ಪೇಟೆಯಿಂದ ಕೊಂಡು ತರುವುದು ಶ್ರೇಯಸ್ಕರವಲ್ಲವೇ?

ಸಮಾಧಾನವು ಹೀಗಿದೆ. ಪೇಟೆಯ ತರಕಾರಿಯಲ್ಲಿ ಹಿಂಸೆ ಇಲ್ಲವೆಂದಲ್ಲ. ಅದು ಕೊಳ್ಳುವವನ ಕಣ್ಣಿಗೆ ಮರೆಯಾಗಿದೆ, ಅಷ್ಟೇ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು - ಈ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುವುದೆಂದು ಬಲ್ಲವನು ಕಾಣದ್ದನ್ನು ಇಲ್ಲವೆಂದು ಭಾವಿಸಲಾರನು. ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದವರು ಸ್ವಯಂ ಆದಿನಾಥ ಸ್ವಾಮಿಗಳು. ಗೃಹಸ್ಥನಿಗೆ ಕೃಷಿಯು ನಿಷಿದ್ಧವಾಗಿದ್ದರೆ ಅವರು ಅದನ್ನು ಕಲಿಸುತ್ತಿರಲಿಲ್ಲ. ಗೃಹಕೃತ್ಯದಲ್ಲಿ ಅನಿವಾರ್ಯವಾಗಿ ಘಟಿಸುವ ಆರಂಭೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಲಾರನು. ಅದನ್ನು ಕಡಿಮೆ ಮಾಡಬಲ್ಲನು. ಆದರೆ ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಹಿತ್ತಲಿನ ಧರ್ಮವೆಲ್ಲವೂ ಈ ಎರಡು ಮಾತುಗಳ ನಡುವೆ ಇದೆ.

ಅನರ್ಥದಂಡಗಳಲ್ಲಿ ಪ್ರಮಾದಚರ್ಯೆ ಎಂಬುದೊಂದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ವಿವರಿಸುವಾಗ ನೆಲವನ್ನು ಅಗೆಯುವುದು, ಮರವನ್ನು ಕೀಳುವುದು, ಹಸಿರು ಹುಲ್ಲನ್ನು ತುಳಿಯುವುದು, ನೀರು ಚೆಲ್ಲುವುದು, ಎಲೆ ಹೂ ಹಣ್ಣುಗಳನ್ನು ಕೊಯ್ಯುವುದು - ಇವನ್ನು ನಿಷ್ಕಾರಣವಾಗಿ ಮಾಡಬಾರದೆಂದು ವಿಧಿಸಿದ್ದಾರೆ. ಈ ಪಟ್ಟಿಯಲ್ಲಿರುವುದೆಲ್ಲ ತೋಟದ ಕೆಲಸವೇ ಎಂಬುದನ್ನು ಗಮನಿಸಬೇಕು. ನಿಷೇಧದ ಭಾರವೆಲ್ಲ ‘ನಿಷ್ಕಾರಣ’ ಎಂಬ ಪದದ ಮೇಲಿದೆ. ಎರಡು ಕಾಯಿ ಸಾಕಾಗುವಲ್ಲಿ ನಾಲ್ಕು ಕೊಯ್ದರೆ ಉಳಿದೆರಡು ನಿಷ್ಕಾರಣ. ಮಾತನಾಡುತ್ತಾ ನಿಂತವನು ಕೈಗೆ ಸಿಕ್ಕ ಕರಿಬೇವಿನ ಎಲೆಯನ್ನು ಹರಿದು ಎಸೆದರೆ ಅದೂ ನಿಷ್ಕಾರಣ. ಆದುದರಿಂದ ವ್ರತಿಕನು ಬೀಜ ಬಿತ್ತುವ ಮೊದಲೇ ತನ್ನ ಕುಟುಂಬಕ್ಕೆ ಎಷ್ಟು ಪಾತಿ ಸಾಕು ಎಂದು ಪರಿಮಾಣ ಮಾಡಿಕೊಳ್ಳಬೇಕು. ಪರಿಗ್ರಹ ಪರಿಮಾಣದಲ್ಲಿ ಕ್ಷೇತ್ರವೂ ಸೇರಿದೆ. ಹಿತ್ತಲೂ ಒಂದು ಕ್ಷೇತ್ರವೇ.

ಏನನ್ನು ಬೆಳೆಯಬೇಕೆಂಬುದು ಮುಂದಿನ ವಿಚಾರ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಗಜ್ಜರಿ, ಗೆಣಸು, ಸುವರ್ಣಗೆಡ್ಡೆ ಮುಂತಾದ ಕಂದಮೂಲಗಳಿಗೆ ಶ್ರಾವಕನ ಹಿತ್ತಲಿನಲ್ಲಿ ಸ್ಥಾನವಿಲ್ಲ. ಇವು ಅನಂತಕಾಯಗಳು, ಒಂದೇ ಶರೀರವನ್ನು ಆಶ್ರಯಿಸಿ ಅನಂತ ಜೀವಗಳು ಇರುವುದರಿಂದ ಒಂದನ್ನು ಕೊಂದವನು ಅನಂತವನ್ನು ಕೊಂದಂತಾಗುತ್ತದೆ. ಫಲವು ಅಲ್ಪವಾಗಿ ಘಾತವು ಬಹಳವಾಗುವ ಕಾರಣದಿಂದ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿಯನ್ನೂ ಹಸಿಶುಂಠಿಯನ್ನೂ ಬಿಡಬೇಕೆಂದು ಹೆಸರಿಸಿಯೇ ಹೇಳಿದ್ದಾರೆ. ಎಲೆಕೋಸು, ಹೂಕೋಸುಗಳ ಮಡಿಕೆಗಳಲ್ಲಿ ತ್ರಸಜೀವಗಳು ಅಡಗಿರುವುದರಿಂದ ಅವೂ ತ್ಯಾಜ್ಯ. ಇಷ್ಟನ್ನು ಬಿಟ್ಟರೂ ಹೀರೆ, ಪಡುವಲ, ಸೋರೆ, ಸೌತೆ, ಬೂದುಗುಂಬಳ, ತೊಂಡೆ, ಬೆಂಡೆ, ಅಲಸಂದೆಗಳ ಸಾಲು ಉದ್ದವಾಗಿಯೇ ಇದೆ. ಇವುಗಳಲ್ಲಿ ಕಾಯಿಯನ್ನು ಕೊಯ್ದರೂ ಬಳ್ಳಿಯ ಬೇರು ಭೂಮಿಯಲ್ಲಿಯೇ ಉಳಿಯುತ್ತದೆ.

ಪ್ರತ್ಯೇಕ ವನಸ್ಪತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಸಪ್ರತಿಷ್ಠಿತ ವನಸ್ಪತಿಯ ಲಕ್ಷಣಗಳನ್ನು ಹೇಳಿದ್ದಾರೆ: ನರ, ಸಂಧಿ, ಗಂಟುಗಳು ಹೊರಗೆ ಕಾಣಿಸದಿರುವುದು, ಮುರಿದರೆ ಸಮನಾಗಿ ತುಂಡಾಗುವುದು, ನಾರು ಇಲ್ಲದಿರುವುದು. ಅಂತಹ ಎಳೆತನದಲ್ಲಿ ನಿಗೋದ ಜೀವಗಳು ಅದನ್ನು ಆಶ್ರಯಿಸಿರುತ್ತವೆ. ಈ ಲಕ್ಷಣವನ್ನು ಪುಸ್ತಕದಲ್ಲಿ ಓದಿ ತಿಳಿಯುವುದಕ್ಕಿಂತ ಬಳ್ಳಿಯ ಬಳಿ ನಿಂತು ತಿಳಿಯುವುದು ಸುಲಭ. ಹೀರೆಕಾಯಿಯ ಏಣುಗಳು ಸ್ಪಷ್ಟವಾಗಿ ಮೂಡುವವರೆಗೆ, ಅಲಸಂದೆಯ ಕೋಡಿನಲ್ಲಿ ನಾರು ಬಲಿಯುವವರೆಗೆ ಕಾಯಲು ಹಿತ್ತಲಿನ ಒಡೆಯನಿಗೆ ಸ್ವಾತಂತ್ರ್ಯವಿದೆ. ಎಳೆಯ ಕಾಯಿಗೇ ಹೆಚ್ಚು ಬೆಲೆ ಕಟ್ಟುವ ಪೇಟೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ವ್ರತಿಕನಿಗೆ ಸ್ವಂತ ಹಿತ್ತಲಿನಿಂದ ದೊರೆಯುವ ದೊಡ್ಡ ಲಾಭವಿದು.

ಮಣ್ಣಿನ ಕೆಲಸವನ್ನು ಬೇಸಗೆಯಲ್ಲಿ, ಭೂಮಿ ಒಣಗಿರುವಾಗಲೇ ಮುಗಿಸುವುದು ವಿವೇಕ. ಮಳೆ ಬಿದ್ದ ಬಳಿಕ ಜೀವೋತ್ಪತ್ತಿ ಹೆಚ್ಚು. ಮುನಿಗಳು ವಿಹಾರವನ್ನೇ ನಿಲ್ಲಿಸುವ ಚಾತುರ್ಮಾಸದಲ್ಲಿ ಶ್ರಾವಕನ ಗುದ್ದಲಿಯೂ ವಿಶ್ರಮಿಸಬೇಕು. ಕರಾವಳಿ ಮಲೆನಾಡುಗಳಲ್ಲಿ ಗೊಬ್ಬರಕ್ಕಾಗಿ ತರಗೆಲೆಯನ್ನು ಮಣ್ಣಿನೊಂದಿಗೆ ರಾಶಿ ಹಾಕಿ ಸುಡುಮಣ್ಣು ಮಾಡುವ ವಾಡಿಕೆಯುಂಟು. ತಿಂಗಳುಗಟ್ಟಲೆ ಬಿದ್ದಿದ್ದ ತರಗೆಲೆಯಲ್ಲಿ ಎಷ್ಟು ಇರುವೆಗಳು, ಎಷ್ಟು ಹುಳುಗಳು ಮನೆಮಾಡಿರುತ್ತವೆಂಬುದನ್ನು ನೋಡಿದವನು ಅದಕ್ಕೆ ಬೆಂಕಿ ಇಡಲಾರನು. ಮೀನಿನ ಗೊಬ್ಬರ, ಎಲುಬಿನ ಪುಡಿಗಳ ಮಾತನ್ನು ಎತ್ತುವುದೇ ಬೇಡ. ಒಣಗಿದ ಸಗಣಿಯ ಪುಡಿ ಮತ್ತು ಬುಡಕ್ಕೆ ಹೊದಿಸಿದ ಸೊಪ್ಪು ಸಾಕು. ಹೊದಿಕೆ ಇದ್ದಲ್ಲಿ ನೀರೂ ಕಡಿಮೆ ಬೇಕಾಗುತ್ತದೆ, ಕಳೆ ಅಗೆಯುವ ಕೆಲಸವೂ ಕಡಿಮೆಯಾಗುತ್ತದೆ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಬಿಡುವ ಪದ್ಧತಿಯು ಕುಡಿಯುವ ನೀರಿಗೆ ಮಾತ್ರವೆಂದು ತಿಳಿಯಬಾರದು.

ನಿಜವಾದ ಕಷ್ಟವು ಹುಳು ಬಿದ್ದಾಗ ಎದುರಾಗುತ್ತದೆ. ಒಂದು ಊರಿನಲ್ಲಿ ವೃದ್ಧೆಯಾದ ಶ್ರಾವಿಕೆಯೊಬ್ಬಳು ಪ್ರತಿವರ್ಷವೂ ಹೀರೆಯ ಬಳ್ಳಿಯನ್ನು ಹಬ್ಬಿಸುತ್ತಿದ್ದಳು. ಒಂದು ವರ್ಷ ಆಷಾಢದಲ್ಲಿ ಕೆಂಪು ಜೀರುಂಡೆಗಳು ಬಂದು ಎಳೆಯ ಎಲೆಗಳನ್ನೆಲ್ಲ ಜರಡಿಯಂತೆ ತೂತು ಮಾಡಿದವು. ಮಗನು ಪೇಟೆಯಿಂದ ಔಷಧದ ಬಾಟಲಿಯನ್ನು ತಂದನು.

“ಇದೇನು ಮಗೂ?” ಎಂದು ತಾಯಿ ಕೇಳಿದಳು.

“ಗಿಡಕ್ಕೆ ಹೊಡೆಯುವ ಔಷಧ, ಅಮ್ಮ. ನೀವು ಮುಟ್ಟುವುದು ಬೇಡ. ಕೆಲಸದವನು ಹೊಡೆಯುತ್ತಾನೆ.”

“ಔಷಧ ಎಂದು ಅದರ ಮೇಲೆ ಬರೆದಿದೆಯೇ? ಓದಿ ಹೇಳು.”

ಬಾಟಲಿಯ ಮೇಲೆ ಕೆಂಪು ತ್ರಿಕೋನವೂ ತಲೆಬುರುಡೆಯ ಚಿತ್ರವೂ ವಿಷ ಎಂಬ ಅಕ್ಷರವೂ ಇದ್ದವು. ಮಗನು ಓದಿ ಸುಮ್ಮನಾದನು. ಸ್ವಲ್ಪ ಹೊತ್ತಿನ ಮೇಲೆ, “ಶತ್ರು ಬಂದಾಗ ಎದುರಿಸುವುದು ವಿರೋಧೀ ಹಿಂಸೆಯಲ್ಲವೇ ಅಮ್ಮ? ಅದು ಗೃಹಸ್ಥನಿಗೆ ಕ್ಷಮ್ಯವೆಂದು ಸ್ವಾಧ್ಯಾಯದಲ್ಲಿ ಕೇಳಿದ್ದೇನೆ” ಎಂದನು.

“ನಾಡಿನ ಮೇಲೆ, ಬಸದಿಯ ಮೇಲೆ, ಹೆಂಗಸರು ಮಕ್ಕಳ ಮೇಲೆ ಬಿದ್ದವನು ಶತ್ರು. ಹೀರೆಯ ಎಲೆ ತಿಂದ ಹುಳು ಯಾರಿಗೆ ಶತ್ರು? ಹಿಟ್ಟಿನ ಕೋಳಿಗೆ ಪ್ರಾಣವೇ ಇರಲಿಲ್ಲ. ಆದರೂ ಯಶೋಧರ ಎಷ್ಟು ಜನ್ಮ ಅನುಭವಿಸಿದ! ಇವಕ್ಕೆ ಪ್ರಾಣ ಇದೆಯಲ್ಲ ಮಗೂ.”

ಮಗನು ಬಾಟಲಿಯನ್ನು ಹಿಂದಿರುಗಿಸಿದನು. ಬಳ್ಳಿ ಚೇತರಿಸಿಕೊಳ್ಳಲಿಲ್ಲ. ಆ ವರ್ಷ ದೊರೆತದ್ದು ಮೂರೇ ಕಾಯಿ. ಮರುವರ್ಷ ಆಕೆ ಹಳತಾದ ನೀರು ಸೋಸುವ ಬಟ್ಟೆಗಳನ್ನು ಕಡ್ಡಿಗಳ ಮೇಲೆ ಹೊದಿಸಿ, ಸಸಿಗಳಿಗೆ ನಾಲ್ಕೈದು ಎಲೆ ಬರುವವರೆಗೂ ಮುಚ್ಚಿಟ್ಟಳು. ಜೀರುಂಡೆಗಳ ಹಾವಳಿ ಮುಖ್ಯವಾಗಿ ಸಸಿಯ ಎಳೆತನದಲ್ಲಿ. ಬಲಿತ ಬಳ್ಳಿ ತಡೆದುಕೊಳ್ಳುತ್ತದೆ. ಹೂ ಬಿಡುವ ಮೊದಲು ಬಟ್ಟೆಯನ್ನು ತೆಗೆಯುವುದನ್ನು ಆಕೆ ಮರೆಯಲಿಲ್ಲ. ಹೀರೆ, ಕುಂಬಳಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ. ಕೀಟಗಳು ಒಂದರಿಂದ ಇನ್ನೊಂದಕ್ಕೆ ಪರಾಗವನ್ನು ಒಯ್ಯದಿದ್ದರೆ ಕಾಯಿ ಕಚ್ಚುವುದಿಲ್ಲ. ವಿಷವು ಜೀರುಂಡೆ ಯಾವುದು, ಜೇನುನೊಣ ಯಾವುದು ಎಂದು ವಿಚಾರಿಸುವುದಿಲ್ಲ. ಜೀವಗಳು ಪರಸ್ಪರ ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ಮಾತಿಗೆ ಬಳ್ಳಿಯ ಚಪ್ಪರವೇ ಸಾಕ್ಷಿ.

ಯಶೋಧರನ ಕಥೆ ಕನ್ನಡ ಶ್ರಾವಕರಿಗೆ ಹೊಸತಲ್ಲ. ಜನ್ನ ಕವಿಯು 1209 ರಲ್ಲಿ ಅದನ್ನು ಕನ್ನಡದಲ್ಲಿ ರಚಿಸಿದನು. ಸಂಕಲ್ಪವೇ ಬಂಧಕಾರಣವೆಂಬುದು ಅದರ ತಾತ್ಪರ್ಯ. ವಿಷವನ್ನು ಕೆಲಸದವನ ಕೈಯಿಂದ ಸಿಂಪಡಿಸಿದರೂ ಸಂಕಲ್ಪ ಒಡೆಯನದೇ. ಇನ್ನು ವಿಷವು ಹುಳುಗಳಲ್ಲಿಯೇ ನಿಲ್ಲುವುದೂ ಇಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಸುತ್ತಣ ಊರುಗಳ ಮಕ್ಕಳನ್ನು ಯಾವ ಸ್ಥಿತಿಗೆ ತಂದಿತೆಂಬುದನ್ನು ಆ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. 2011 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಬೇವಿನ ಕಷಾಯದಂತಹ ಸಸ್ಯಮೂಲದ ವಸ್ತುವೂ ಕೊಲ್ಲುವ ಉದ್ದೇಶದಿಂದ ಬಳಸಿದರೆ ನಿರ್ದೋಷವಾಗದು. ಹುಳು ಬಾರದಂತೆ ತಡೆಯುವುದು ಬೇರೆ, ಬಂದ ಹುಳುವನ್ನು ಕೊಲ್ಲುವುದು ಬೇರೆ.

ಕೊಯ್ಲಿನ ವಿಷಯದಲ್ಲಿ ಷಡ್ಲೇಶ್ಯೆಯ ದೃಷ್ಟಾಂತವನ್ನು ನೆನೆಯಬೇಕು. ಶ್ರವಣಬೆಳಗೊಳದ ಜೈನ ಮಠದ ಭಿತ್ತಿಯ ಮೇಲೂ ಈ ವೃಕ್ಷವನ್ನು ಚಿತ್ರಿಸಲಾಗಿದೆ. ಹಸಿದ ಆರು ಮಂದಿಯಲ್ಲಿ ಒಬ್ಬನು ಮರವನ್ನೇ ಬುಡಸಹಿತ ಕಡಿಯಬಯಸುತ್ತಾನೆ. ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ಇನ್ನೊಬ್ಬನು ಸಣ್ಣ ರೆಂಬೆಯನ್ನು, ಬೇರೊಬ್ಬನು ಗೊಂಚಲನ್ನು, ಐದನೆಯವನು ಮಾಗಿದ ಹಣ್ಣನ್ನು ಮಾತ್ರ. ಆರನೆಯವನಿಗೆ ಕೆಳಗೆ ಬಿದ್ದ ಹಣ್ಣೇ ಸಾಕು. ಹಸಿವು ಆರು ಮಂದಿಗೂ ಒಂದೇ, ಪರಿಣಾಮ ಬೇರೆ. ಮೂಲಂಗಿಯನ್ನು ಕಿತ್ತೆಳೆಯುವ ಕೈ ಯಾವ ಲೇಶ್ಯೆಯದು, ಬಲಿತ ಒಂದೇ ಸೋರೆಯನ್ನು ಕೊಯ್ದು ಹಿಂದಿರುಗುವ ಕೈ ಯಾವ ಲೇಶ್ಯೆಯದು ಎಂಬುದನ್ನು ಪ್ರತಿಯೊಬ್ಬನೂ ತನ್ನ ಹಿತ್ತಲಿನಲ್ಲಿ ತಾನೇ ಅಳೆದುಕೊಳ್ಳಬಹುದು.

ಅಷ್ಟಮಿ ಚತುರ್ದಶಿಗಳಂದು, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಹಸಿರು ಬಿಡುವ ನಿಯಮವು ಅನೇಕ ಮನೆಗಳಲ್ಲಿದೆ. ಪೇಟೆಯವನಿಗೆ ಈ ತ್ಯಾಗ ಸುಲಭ, ಅವನು ಕೊಳ್ಳದಿದ್ದರಾಯಿತು. ತನ್ನ ಕೈಯಾರೆ ಬೆಳೆದ ಬೆಂಡೆ ಭಾದ್ರಪದದಲ್ಲಿ ಕಣ್ಣೆದುರಿಗೆ ಬಲಿತು ನಾರಾಗುವುದನ್ನು ನೋಡಿಯೂ ಕೈಯಿಕ್ಕದಿರುವುದು ಕಠಿಣ. ಅಲ್ಲಿಯೇ ನಿಯಮದ ಸಾರವಿದೆ. ಬಲಿತದ್ದು ಮುಂದಿನ ವರ್ಷದ ಬೀಜವಾಗುತ್ತದೆ. ನಷ್ಟವೆಂದು ತೋರಿದ್ದು ನಷ್ಟವಲ್ಲ.

ಹಿತ್ತಲಿಗೆ ಒಂದು ಆದಿಯಿರುವಂತೆ ಒಂದು ಅಂತ್ಯವೂ ಇದೆ. ಪ್ರತಿಮೆಗಳ ಸೋಪಾನದಲ್ಲಿ ಐದನೆಯದಾದ ಸಚಿತ್ತತ್ಯಾಗದಲ್ಲಿ ಶ್ರಾವಕನು ಹಸಿಯ ಎಲೆ, ಕಾಯಿ, ಹೂ, ಬೀಜಗಳನ್ನು ತಿನ್ನುವುದನ್ನು ಬಿಡುತ್ತಾನೆ. ಎಂಟನೆಯದಾದ ಆರಂಭತ್ಯಾಗದಲ್ಲಿ ಕೃಷಿಯನ್ನೇ ಬಿಡುತ್ತಾನೆ. ಕೃಷಿಯನ್ನು ಕಲಿಸಿದ ಆದಿನಾಥ ಸ್ವಾಮಿಗಳೂ ಕಡೆಗೆ ಎಲ್ಲ ಆರಂಭಗಳನ್ನೂ ತೊರೆದು ವನಕ್ಕೆ ನಡೆದರು. ದೀರ್ಘಕಾಲದ ನಿರಾಹಾರದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕೊಟ್ಟ ಕಬ್ಬಿನ ರಸವನ್ನು ಕರಪಾತ್ರದಲ್ಲಿ ಸ್ವೀಕರಿಸಿದರು. ಗೃಹಸ್ಥನ ಬೆಳೆಯು ತನಗಾಗಿ ಶುದ್ಧವಾಗಿ ಸಿದ್ಧವಾಗಿದ್ದು, ಅದರಲ್ಲಿ ಒಂದು ಪಾಲು ಅತಿಥಿಗೆ ಸಲ್ಲಿದರೆ ಅದಕ್ಕಿಂತ ಹೆಚ್ಚಿನ ಸಾರ್ಥಕ್ಯವಿಲ್ಲ.

ಗುದ್ದಲಿಯನ್ನು ಎತ್ತುವಾಗ ಅದನ್ನು ಒಂದು ದಿನ ಕೆಳಗಿಡಬೇಕೆಂಬ ನೆನಪಿರಲಿ. ಆ ನೆನಪು ಇದ್ದವನ ಹಿತ್ತಲಿನಲ್ಲಿ ಒಂದು ಎಲೆಯೂ ನಿಷ್ಕಾರಣವಾಗಿ ಹರಿಯದು.

ಭದ್ರಂ ಭೂಯಾತ್.