ಸರದಿಯ ಸೇವೆ

ಆಡಲು ಕರೆದರೆ ಹನ್ನೊಂದು ಮಂದಿಯ ಜಾಗಕ್ಕೆ ಇಪ್ಪತ್ತು ಮಂದಿ ಬಂದಾರು. ಆಟದ ಲೆಕ್ಕ ಬರೆಯಲು ಕರೆದರೆ ಆ ಇಪ್ಪತ್ತರಲ್ಲಿ ಒಬ್ಬನೂ ಮುಂದೆ ಬಾರ. ಈ ಮಾತಿನಲ್ಲಿ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರಿಗೂ ಬೆಂಗಳೂರಿನ ಬಡಾವಣೆಗೂ ಭೇದವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ವಯಸ್ಕರು ಕೂಡಿದರೆ ಸಂಘವಾಯಿತು. ಏಳು ಸಹಿ ದೊರೆಯುತ್ತವೆ. ಸಭೆಗೆ ತಪ್ಪದೆ ಬರುವ ಏಳು ಮಂದಿ ದೊರೆಯುವುದೇ ಕಷ್ಟ.

ಇದು ಜನರ ಸ್ವಾರ್ಥವೆಂದು ಹಳಿಯುವುದು ಸುಲಭ. ಆದರೆ ನಾವು ಕರೆಯುವ ಬಗೆಯನ್ನು ನೋಡಿ: "ನೀವು ಹೆಸರಿಗಿದ್ದರೆ ಸಾಕು, ಕೆಲಸವೇನೂ ಇರುವುದಿಲ್ಲ." ಇದು ಸುಳ್ಳೆಂದು ಕರೆಯುವವನಿಗೂ ಗೊತ್ತು, ಬರುವವನಿಗೂ ಗೊತ್ತು. ಬಂದಮೇಲೆ ಪಂದ್ಯಾವಳಿಯ ಚಂದಾ, ಚೆಂಡು-ಬಲೆಗಳ ಖರೀದಿ, ವರ್ಷಾಂತ್ಯದ ಲೆಕ್ಕ ಎಲ್ಲವೂ ಅವನೊಬ್ಬನ ತಲೆಯ ಮೇಲೆ. ತೊಗರಿಯ ರಾಶಿ ನಡೆದಿರುವಾಗಲೂ ಅವನು ರಸೀದಿ ಪುಸ್ತಕ ಹಿಡಿದು ತಿರುಗಬೇಕು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಇಂಥವನ ಮನೆಯಲ್ಲೇ ಹುಟ್ಟಿರಬೇಕು. ಇಷ್ಟಾದ ಮೇಲೂ ಕಟ್ಟೆಯ ಮೇಲೆ ಕುಳಿತವರು, "ಚಂದಾ ಎಲ್ಲಿ ಹೋಯಿತು?" ಎನ್ನುತ್ತಾರೆ.

ದೊಡ್ಡ ಸಂಸ್ಥೆಗಳಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಕುಳಿತವರು ಏಳುವುದಿಲ್ಲ. ಕ್ರಿಕೆಟ್ ಮಂಡಳಿಯ ಪದಾಧಿಕಾರಿಗಳ ಅವಧಿಗೆ ಮಿತಿ ಹಾಕಲು, ಲೋಧಾ ಸಮಿತಿಯ ಶಿಫಾರಸುಗಳನ್ನು ಒಪ್ಪಿ, 2016ರಲ್ಲಿ ಸುಪ್ರೀಂ ಕೋರ್ಟೇ ನುಡಿಯಬೇಕಾಯಿತು. ಅದಕ್ಕೆ ಮುಂಚೆಯೇ, 2010ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದ ಅನಿಲ್ ಕುಂಬ್ಳೆ, 2013ರಲ್ಲಿ ಮತ್ತೆ ಸ್ಪರ್ಧಿಸದೆ ಸ್ಥಾನ ಬಿಟ್ಟರು.

ಬಾರದಿರುವುದೂ ಬಿಡದಿರುವುದೂ ಒಂದೇ ಬೇರಿನಿಂದ ಹುಟ್ಟಿದವು. ಪದವಿಯನ್ನು ನಾವು ಮರ್ಯಾದೆಯೆಂದು ಬಗೆದಿದ್ದೇವೆ, ಸರದಿಯೆಂದು ಬಗೆದಿಲ್ಲ. ಮರ್ಯಾದೆಗೆ ಬಂದವನು ಅದನ್ನು ಬಿಡಲಾರ. ಅದರ ಹಂಬಲವಿಲ್ಲದವನಿಗೆ ಬರಲು ಕಾರಣವೇ ಇಲ್ಲ.

ನುರಿತವರನ್ನು ಕಳುಹಿಸಿಬಿಟ್ಟರೆ ಸಂಘ ನಡೆಯುವುದು ಹೇಗೆಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಹತ್ತು ವರ್ಷ ದುಡಿದವನ ಅನುಭವ ಅವನೊಬ್ಬನಲ್ಲೇ ಉಳಿದಿದ್ದರೆ, ಅವನು ಸಂಘವನ್ನು ಕಟ್ಟಿದಂತಾಗಲಿಲ್ಲ. ಮೊದಲ ವರ್ಷದಿಂದಲೇ ಇಬ್ಬರು ಕಿರಿಯರು ಅವನ ಪಕ್ಕದಲ್ಲಿ ಕುಳಿತು ಕಲಿಯಬೇಕು.

ಆದುದರಿಂದ, "ಎರಡು ವರ್ಷ ಚಂದಾದ ಲೆಕ್ಕ ನೋಡಿಕೊಳ್ಳಿ; ಆಮೇಲೆ ನಿಮ್ಮನ್ನು ತಡೆಯುವುದಿಲ್ಲ" ಎಂದು ನೇರವಾಗಿ ಕೇಳೋಣ. ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಎಲ್ಲರೆದುರು ಓದಿಸೋಣ. ಲೆಕ್ಕ ಕೇಳುವುದು ಅವಮಾನವಲ್ಲ. ಕಟ್ಟೆಯ ಮಾತಿನಿಂದ ಅವನನ್ನು ಕಾಯುವುದು ಅದೊಂದೇ. ಯಾವಾಗ ಬೇಕಾದರೂ ಗೌರವದಿಂದ ಹೊರಡಬಹುದೆಂದು ತಿಳಿದವನೇ ಇನ್ನೊಂದು ವರ್ಷ ಇರೋಣವೆಂದಾನು. ಹಾಗೆ ಹೊರಟ ದಿನ ಅವನ ಕೊರಳಿಗೆ ಹಾರ ಬೀಳದಿದ್ದರೂ ಚಿಂತೆಯಿಲ್ಲ. ರಸೀದಿ ಪುಸ್ತಕಕ್ಕೆ ಇನ್ನೊಂದು ಕೈ ಸಿದ್ಧವಾಗಿದ್ದರೆ ಸಾಕು.